ಇಯರ್‌ಫೋನ್ ಕಿತ್ತಾಯಿತು, ಕರೆಂಟ್ ನಿಂತಿತೇ?

ಹಾಡು ಮುಗಿದ ಮೇಲೆ ಇಯರ್‌ಫೋನ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತೇವೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಆದರೆ ಫೋನು ಅಥವಾ ಲ್ಯಾಪ್‌ಟಾಪಿನೊಳಗೆ ಶಬ್ದ ಹೊರಡಿಸುತ್ತಿದ್ದ ಭಾಗವೂ ಆಗಲೇ ಕೆಲಸ ನಿಲ್ಲಿಸಿತೇ? ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಮೂರನೇ ವರ್ಷದ ಬಿ.ಇ. ಓದುತ್ತಿರುವ ನನಗೆ ಈ ಸಣ್ಣ ಪ್ರಶ್ನೆಯ ಹಿಂದೆ ದೊಡ್ಡ ವಿಷಯವೊಂದು ಕಾಣಿಸುತ್ತಿದೆ.

ಪ್ಲಗ್ ಹೊರಬಂದದ್ದು ಸಾಧನಕ್ಕೆ ಚೆನ್ನಾಗಿಯೇ ಗೊತ್ತಾಗುತ್ತದೆ. 3.5 ಮಿ.ಮೀ. ಜ್ಯಾಕ್‌ನ ಒಳಗೆ ಒಂದು ಪುಟ್ಟ ಸ್ವಿಚ್ ಇರುತ್ತದೆ. ಪ್ಲಗ್ ಬಂದಾಗ, ಹೋದಾಗ ಅದರ ಸ್ಥಿತಿ ಬದಲಾಗಿ ಸುದ್ದಿ ಆಡಿಯೊ ಚಿಪ್‌ಗೆ ತಲುಪುತ್ತದೆ. ಯುಎಸ್‌ಬಿ-ಸಿ ಪೋರ್ಟ್‌ನಲ್ಲಿ ಈ ಕೆಲಸಕ್ಕೆಂದೇ ಬೇರೆ ಪಿನ್‌ಗಳಿವೆ. ಸುದ್ದಿ ತಲುಪಿದ ಮೇಲೆ ಆಂಪ್ಲಿಫೈಯರ್ ಆರಿಸಬೇಕೇ ಬೇಡವೇ ಎಂದು ತೀರ್ಮಾನಿಸುವುದು ಮಾತ್ರ ಸಾಫ್ಟ್‌ವೇರ್. ಲಿನಕ್ಸ್‌ನಲ್ಲಿ ಇದಕ್ಕಾಗಿ ‘ಡೈನಮಿಕ್ ಆಡಿಯೊ ಪವರ್ ಮ್ಯಾನೇಜ್‌ಮೆಂಟ್’ ಎಂಬ ವ್ಯವಸ್ಥೆಯೇ ಇದೆ. ಶಬ್ದ ಸಾಗುವ ದಾರಿ ಎಲ್ಲಿ ಕಡಿದಿದೆಯೋ ನೋಡಿ, ಆ ದಾರಿಯಲ್ಲಿರುವ ಭಾಗಗಳನ್ನು ಅದು ಒಂದೊಂದಾಗಿ ಆರಿಸುತ್ತದೆ.

ಹಾಗಾದರೆ ಸಮಸ್ಯೆ ಎಲ್ಲಿ? ಆಂಪ್ಲಿಫೈಯರ್ ಆರಿಸಿ ಮತ್ತೆ ಹೊತ್ತಿಸಿದಾಗ ಕಿವಿಗೆ ‘ಟಪ್’ ಎಂಬ ಸದ್ದು ಬಡಿಯಬಹುದು, ಹಾಡಿನ ಮೊದಲ ಕ್ಷಣ ನುಂಗಿಹೋಗಬಹುದು. ಗ್ರಾಹಕ ದೂರು ಕೊಡುವುದು ಈ ಸದ್ದಿನ ಬಗ್ಗೆ. ಕಣ್ಣಿಗೆ ಕಾಣದೆ ಖರ್ಚಾಗುವ ವಿದ್ಯುತ್ತಿನ ಬಗ್ಗೆ ಯಾರೂ ದೂರುವುದಿಲ್ಲ. ಹೀಗಾಗಿ ವಿದ್ಯುತ್ ಉಳಿಸುವ ಆಯ್ಕೆಯನ್ನೇ ಆಫ್ ಮಾಡಿಬಿಡುವುದು ತಯಾರಕರಿಗೆ ಸುಲಭದ ದಾರಿ.

ಇದರಿಂದ ಎಷ್ಟು ನಷ್ಟ? ಎಚ್ಚರವಾಗಿಯೇ ಉಳಿದ ಆಡಿಯೊ ಭಾಗ 20 ಮಿಲಿವ್ಯಾಟ್ ತಿನ್ನುತ್ತದೆ ಎಂದುಕೊಳ್ಳಿ. ದಿನಕ್ಕೆ ಸುಮಾರು ಅರ್ಧ ವ್ಯಾಟ್-ಅವರ್ ಆಯಿತು. 5,000 ಎಂಎಎಚ್ ಬ್ಯಾಟರಿಯಲ್ಲಿ ಇರುವುದು ಹೆಚ್ಚುಕಡಿಮೆ 19 ವ್ಯಾಟ್-ಅವರ್. ಅಂದರೆ ಯಾರೂ ಕೇಳದ ಶಬ್ದಕ್ಕೆ ದಿನಕ್ಕೆ ಶೇ 2.5ರಷ್ಟು ಚಾರ್ಜ್! ಇದರ ಜೊತೆಗೆ, ಆಡಿಯೊ ಭಾಗ ಎಚ್ಚರವಿದ್ದರೆ ಲ್ಯಾಪ್‌ಟಾಪಿನ ಪ್ರೊಸೆಸರ್ ಕೂಡ ಗಾಢ ನಿದ್ರೆಗೆ ಜಾರಲಾಗದೆ ಇರಬಹುದು.

ಮನೆಯ ಗೋಡೆಗೆ ಸಿಕ್ಕಿಸಿದ ಸ್ಪೀಕರ್‌ಗಳ ಲೆಕ್ಕ ಇನ್ನೂ ದೊಡ್ಡದು. ಟಿವಿಯಿಂದ ವೈರ್ ತೆಗೆದರೂ ಸ್ಪೀಕರ್‌ನ ಪ್ಲಗ್ ಸಾಕೆಟ್‌ನಲ್ಲೇ ಇರುತ್ತದೆ, ಕೆಂಪು ದೀಪ ಉರಿಯುತ್ತಲೇ ಇರುತ್ತದೆ. ಸುಮ್ಮನಿರುವಾಗ 3 ವ್ಯಾಟ್ ಎಳೆಯುವ ಸ್ಪೀಕರ್ ದಿನಕ್ಕೆ 22 ಗಂಟೆ ಹಾಗೇ ಇದ್ದರೆ ವರ್ಷಕ್ಕೆ 24 ಯೂನಿಟ್. ಇಂಥ 10 ಲಕ್ಷ ಮನೆಗಳಿದ್ದರೆ 2.4 ಕೋಟಿ ಯೂನಿಟ್. ಅದೇ ಸ್ಪೀಕರ್ ಅರ್ಧ ವ್ಯಾಟ್‌ಗೆ ಇಳಿದರೆ ವರ್ಷಕ್ಕೆ ನಾಲ್ಕೇ ಯೂನಿಟ್ ಸಾಕು.

ಅರ್ಧ ವ್ಯಾಟ್ ಎಂಬುದು ನನ್ನ ಕಲ್ಪನೆಯ ಅಂಕಿಯಲ್ಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 1999ರಲ್ಲೇ ‘ಒಂದು ವ್ಯಾಟ್’ ಗುರಿಯನ್ನು ಮುಂದಿಟ್ಟಿತ್ತು. ಯುರೋಪಿಯನ್ ಒಕ್ಕೂಟ 2008ರ ನಿಯಮದ ಮೂಲಕ 2010ರಿಂದ 1 ವ್ಯಾಟ್, 2013ರಿಂದ 0.5 ವ್ಯಾಟ್ ಸ್ಟ್ಯಾಂಡ್‌ಬೈ ಮಿತಿ ಹಾಕಿತು. ಆಡಿಯೊ ಆಂಪ್ಲಿಫೈಯರ್, ಹೋಂ ಥಿಯೇಟರ್‌ಗಳೂ ಅದರ ವ್ಯಾಪ್ತಿಯಲ್ಲಿದ್ದವು. 2025ರ ಮೇ ತಿಂಗಳಿಂದ ಅದರ ಜಾಗದಲ್ಲಿ ಹೊಸ ನಿಯಮ ಜಾರಿಗೆ ಬಂದಿದೆ. ಕಾನೂನು ಕೇಳಿದಾಗ ಎಂಜಿನಿಯರ್‌ಗಳು ದಾರಿ ಕಂಡುಕೊಂಡರು ಎಂಬುದಕ್ಕೆ ಇದು ಸಾಕ್ಷಿ.

ನಮ್ಮಲ್ಲಿ ಇಂಧನ ದಕ್ಷತಾ ಬ್ಯೂರೊ 2006ರಲ್ಲಿ ಸ್ಟಾರ್ ಲೇಬಲ್ ಆರಂಭಿಸಿದ ಮೇಲೆ ಫ್ರಿಜ್, ಎಸಿ ಕೊಳ್ಳುವಾಗ ಜನ ನಕ್ಷತ್ರ ಎಣಿಸುವುದನ್ನು ಕಲಿತರು. ಸೌಂಡ್‌ಬಾರ್‌ನ ಪೆಟ್ಟಿಗೆಯ ಮೇಲೆ ಮಾತ್ರ ಶಬ್ದದ ವ್ಯಾಟ್ ದಪ್ಪಕ್ಷರದಲ್ಲಿರುತ್ತದೆ, ಸುಮ್ಮನಿದ್ದಾಗ ಎಷ್ಟು ಎಳೆಯುತ್ತದೆ ಎಂಬುದು ಕಾಣಸಿಗುವುದು ಅಪರೂಪ. ಆ ಒಂದು ಸಾಲನ್ನು ಕಡ್ಡಾಯ ಮಾಡಬೇಕು ಎಂಬುದು ನನ್ನ ಆಗ್ರಹ.

‘ಗೃಹಜ್ಯೋತಿ ಇದೆಯಲ್ಲ, ಬಿಲ್ ಶೂನ್ಯ’ ಎನ್ನುವವರಿದ್ದಾರೆ. 2023ರಲ್ಲಿ ಬಂದ ಆ ಯೋಜನೆಯಲ್ಲಿ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಮಾತ್ರ ಹೆಚ್ಚುವರಿ ಸಿಗುತ್ತದೆ. ಅದನ್ನು ಮೀರಿದ್ದಕ್ಕೆ ಹಣ ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮದೇ. ಅಂಚಿನಲ್ಲಿರುವ ಮನೆಗೆ ತಿಂಗಳಿಗೆ ಎರಡು ಯೂನಿಟ್ ಕೂಡ ದೊಡ್ಡದು.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಇನ್ನೊಂದು ಮಾತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬಂದಾಗಿನಿಂದ ಬೆಂಗಳೂರು ಚಿಪ್ ವಿನ್ಯಾಸದ ಊರು. ಮಿಲಿವ್ಯಾಟ್ ಉಳಿಸುವುದು ಇಲ್ಲಿ ದಿನನಿತ್ಯದ ಕೆಲಸ. ಕಲಿಯಲು ದುಬಾರಿ ಲ್ಯಾಬ್ ಬೇಕಿಲ್ಲ. ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ, ‘ಪವರ್‌ಟಾಪ್’ ಎಂಬ ಉಚಿತ ಸಾಧನ ಓಡಿಸಿ. ಆಡಿಯೊ ಕೊಡೆಕ್‌ನ ವಿದ್ಯುತ್ ಉಳಿತಾಯ ಆನ್ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಆನ್ ಮಾಡಿ, ಟಪ್ ಸದ್ದು ಬಂದರೆ ಏಕೆ ಬಂತೆಂದು ಡ್ರೈವರ್‌ನ ಕೋಡ್ ಓದಿ. ಆ ಕೋಡ್ ಎಲ್ಲರಿಗೂ ತೆರೆದಿದೆ, ತಿದ್ದುಪಡಿ ಕಳಿಸಲು ಯಾವ ಪ್ಲೇಸ್‌ಮೆಂಟ್ ಡ್ರೈವ್‌ಗೂ ಕಾಯಬೇಕಿಲ್ಲ. ಸಂದರ್ಶನದಲ್ಲಿ ಹೇಳಿಕೊಳ್ಳಲು ನಮ್ಮದೇ ಆದ ಒಂದು ಕೆಲಸವೂ ಕೈಯಲ್ಲಿರುತ್ತದೆ.