ವೇಷ ಅವರದು, ಚಿತ್ರ ಯಾರದು?

ನಿವೃತ್ತ ಸರ್ಕಾರಿ ಅಧಿಕಾರಿಗಳಿಗೆ ಸಮಾಜ ಕೆಲವು ಹವ್ಯಾಸಗಳನ್ನು ಮೊದಲೇ ಗೊತ್ತುಮಾಡಿಟ್ಟಿರುತ್ತದೆ: ಬೆಳಗಿನ ವಾಯುವಿಹಾರ, ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷಗಿರಿ, ಗೀತಾ ಪ್ರವಚನ, ಆಗೀಗ ಪತ್ರಿಕೆಗೊಂದು ಲೇಖನ. ಇವುಗಳಲ್ಲಿ ಕೊನೆಯದನ್ನಷ್ಟೇ ನಾನು ರೂಢಿಸಿಕೊಂಡಿದ್ದೇನೆ. ಉಳಿದಂತೆ, ಕೊರೊನಾದ ಎರಡು ವರ್ಷಗಳನ್ನು ಬಿಟ್ಟರೆ, ಸೇವೆಯಿಂದ ಬಿಡುಗಡೆಯಾದಂದಿನಿಂದ ನನ್ನ ಬಿಡುವಿನ ವೇಳೆಯೆಲ್ಲ ಒಂದೇ ಕೆಲಸಕ್ಕೆ ಮೀಸಲಾಗಿದೆ. ಜಪಾನಿನ ಅನಿಮೆ ಚಿತ್ರಗಳ ಪಾತ್ರಗಳಂತೆ ವೇಷ ತೊಟ್ಟು ಸಮಾವೇಶಗಳಿಗೆ ಬರುವ ಯುವಕ ಯುವತಿಯರ ಛಾಯಾಚಿತ್ರ ತೆಗೆಯುವುದು ಆ ಕೆಲಸ. ಬಂಧುಗಳು ಇದನ್ನು ಮದುವೆ ಮನೆಗಳಲ್ಲಿ ಪ್ರಸ್ತಾಪಿಸುವುದಿಲ್ಲ. ಸಮಾವೇಶಗಳಲ್ಲಿ ಎಲ್ಲರೂ ನನ್ನನ್ನು ‘ಅಂಕಲ್’ ಎನ್ನುತ್ತಾರೆ. ಮೂವತ್ತು ವರ್ಷ ‘ಸಾಹೇಬರೇ’ ಎನ್ನಿಸಿಕೊಂಡ ಕಿವಿಗೆ ಅದು ಹಿತವಾಗಿಯೇ ಕೇಳಿಸುತ್ತದೆ.

ಹವ್ಯಾಸವನ್ನು ಸಮರ್ಥಿಸಿಕೊಳ್ಳುವುದು ಈ ಬರಹದ ಉದ್ದೇಶವಲ್ಲ. ಅದರೊಳಗೆ ಬೆಳೆದು ನಿಂತಿರುವ ಒಂದು ಪ್ರಶ್ನೆ, ಮಕ್ಕಳನ್ನು ಇಂಥ ಸಮಾವೇಶಗಳಿಗೆ ಕಳುಹಿಸುವ ತಂದೆತಾಯಂದಿರ ಗಮನಕ್ಕೂ ಬರಬೇಕಾದುದು ಎಂದು ನನಗನ್ನಿಸಿದೆ.

ಈ ವೇಷಗಾರಿಕೆಗೆ ‘ಕಾಸ್‌ಪ್ಲೇ’ ಎಂದು ಹೆಸರು. ಪದವನ್ನು ಚಾಲ್ತಿಗೆ ತಂದವರು ಜಪಾನಿನ ನೊಬುಯುಕಿ ತಕಹಾಶಿ. 1983ರಲ್ಲಿ ‘ಮೈ ಅನಿಮೆ’ ಎಂಬ ಪತ್ರಿಕೆಗೆ ಬರೆದ ಲೇಖನದಲ್ಲಿ. ಆಚರಣೆ ಅದಕ್ಕಿಂತ ಹಳೆಯದು. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವಿಜ್ಞಾನ ಕಥಾ ಸಮ್ಮೇಳನಕ್ಕೆ ಫಾರೆಸ್ಟ್ ಅಕರ್‌ಮನ್ ಮತ್ತು ಅವರ ಗೆಳತಿ ಮರ್ಟಲ್ ಜೋನ್ಸ್ ಭವಿಷ್ಯಕಾಲದ ಉಡುಪು ತೊಟ್ಟು ಹೋಗಿದ್ದರು. ಎರಡೂ ಉಡುಪುಗಳನ್ನು ರೂಪಿಸಿ ಹೊಲಿದವರು ಜೋನ್ಸ್. ಆದರೂ ಪ್ರಸಿದ್ಧವಾಗಿ ಉಳಿದದ್ದು ಅಕರ್‌ಮನ್ನರ ಹೆಸರು. ವೇಷ ಮಾಡಿದವರು ಒಬ್ಬರು, ಅದರ ಕೀರ್ತಿ ಹೋಗುವುದು ಇನ್ನೊಬ್ಬರಿಗೆ ಎಂಬ ಪರಿಪಾಠ ಆಗಲೇ ಆರಂಭವಾಗಿತ್ತು ಎನ್ನಬೇಕು.

ಅನಿಮೆ ನಮಗೇನೂ ಅಪರಿಚಿತವಲ್ಲ. 1990ರ ದಶಕದಲ್ಲಿ ಭಾನುವಾರದ ಬೆಳಗ್ಗೆ ದೂರದರ್ಶನದ ಮುಂದೆ ಇಡೀ ಕುಟುಂಬ ಕುಳಿತು ನೋಡುತ್ತಿದ್ದ ಮೌಗ್ಲಿಯ ಧಾರಾವಾಹಿ ಜಪಾನಿನಲ್ಲಿ ತಯಾರಾದ ಅನಿಮೆ. ಯುಗೊ ಸಾಕೊ ಅವರ ಮುಂದಾಳತ್ವದಲ್ಲಿ 1992ರಲ್ಲಿ ಸಿದ್ಧವಾದ ಅನಿಮೆ ರಾಮಾಯಣ 2025ರ ಜನವರಿಯಲ್ಲಿ ನಮ್ಮ ಚಿತ್ರಮಂದಿರಗಳಿಗೆ ಮತ್ತೆ ಬಂದಿತು. ಬೆಂಗಳೂರಿನಲ್ಲಿ ಕಾಮಿಕ್ ಕಾನ್ ಮೊದಲ ಬಾರಿಗೆ ನಡೆದದ್ದು 2012ರಲ್ಲಿ. ವೈಟ್‌ಫೀಲ್ಡ್‌ನ ಕೆಟಿಪಿಒ ಸಭಾಂಗಣದಲ್ಲಿ ಅದು ನಡೆದಾಗ ನೇರಳೆ ಮಾರ್ಗದ ಮೆಟ್ರೊ ರೈಲಿನಲ್ಲಿ ಹಸಿರು-ಕಪ್ಪು ಚೌಕಳಿಯ ನಿಲುವಂಗಿ ತೊಟ್ಟ ಹುಡುಗರು ಕಂಡರೆ ಗಾಬರಿಯಾಗಬೇಕಿಲ್ಲ. ಅವರು ‘ಡೀಮನ್ ಸ್ಲೇಯರ್’ ಕಥೆಯ ತಾಂಜಿರೊಗಳು. ಅವರ ಖಡ್ಗ ಫೋಮಿನದು.

ಈ ವೇಷಗಳ ಹಿಂದಿರುವ ದುಡಿಮೆಯನ್ನು ಹೊರಗಿನವರು ಬಲ್ಲವರಲ್ಲ. ಒಂದು ಸಾಧಾರಣ ಕವಚಕ್ಕೆ ಎರಡು ಮೂರು ತಿಂಗಳು ಬೇಕು. ಚಿಕ್ಕಪೇಟೆಯಲ್ಲಿ ಬಟ್ಟೆ, ಎಸ್.ಪಿ. ರಸ್ತೆಯಲ್ಲಿ ಎಲ್‌ಇಡಿ ದೀಪದ ಪಟ್ಟಿ ಮತ್ತು ಬ್ಯಾಟರಿ, ಯೋಗದ ಚಾಪೆಯಂಥ ಇವಿಎ ಫೋಮಿನ ಹಾಳೆಗಳು, ಅದನ್ನು ಬಿಸಿಗಾಳಿಯಿಂದ ಬಾಗಿಸಿ, ಅಂಟಿಸಿ, ಲೋಹದಂತೆ ಕಾಣಲು ಬಳಿಯುವ ಬಣ್ಣ. ಕೃತಕ ಕೂದಲನ್ನು ಗಾಳಿಗೆ ನಿಂತಂತೆ ನಿಲ್ಲಿಸುವುದೇ ಒಂದು ವಿದ್ಯೆ. ಇಂಜಿನಿಯರಿಂಗ್ ಮೂರನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ತನ್ನ ರೆಕ್ಕೆಗಳು ತೆರೆದು ಮುಚ್ಚುವಂತೆ ಮಾಡಿದ್ದನ್ನು ನಾನು ನೋಡಿದ್ದೇನೆ. ಸಣ್ಣ ಮೋಟಾರು, ಎರಡು ತಂತಿ, ಬೆನ್ನಿಗೆ ಕಟ್ಟಿದ ಹಲಗೆ. ಪಠ್ಯದಲ್ಲಿ ಕಲಿತದ್ದಕ್ಕಿಂತ ಹೆಚ್ಚನ್ನು ಆ ಹಲಗೆಯ ಮೇಲೆ ಕಲಿತೆ ಎಂದು ಅವಳೇ ಹೇಳಿದಳು.

ನನ್ನ ಪಾಲಿನ ಕೆಲಸ ಇದರ ಮುಂದೆ ಕಿರಿದು. ಪ್ರದರ್ಶನ ಸಭಾಂಗಣಗಳ ಬೆಳಕು ಛಾಯಾಗ್ರಾಹಕರ ಶತ್ರು. ಎತ್ತರದ ಛಾವಣಿಯಿಂದ ಇಳಿಯುವ ಬಗೆಬಗೆಯ ದೀಪಗಳ ಮಿಶ್ರಣದಲ್ಲಿ ಮುಖಗಳು ಹಸಿರಾಗುತ್ತವೆ, ಕಣ್ಣಿನ ಕೆಳಗೆ ನೆರಳು ಕೂರುತ್ತದೆ, ಹಿನ್ನೆಲೆಯಲ್ಲಿ ಯಾವುದಾದರೊಂದು ಮೊಬೈಲ್ ಕಂಪನಿಯ ಫಲಕ ಇದ್ದೇ ಇರುತ್ತದೆ. ಆದ್ದರಿಂದ 85 ಮಿ.ಮೀ. ಮಸೂರ, ಕೈಯಲ್ಲಿ ಹಿಡಿಯಬಹುದಾದ ಒಂದು ಫ್ಲಾಷ್, ಅದರ ಮುಂದೆ ಬಿಳಿಯ ಬಟ್ಟೆ. ಎಲ್ಲಕ್ಕಿಂತ ಮುಖ್ಯವಾದುದು ಪಾತ್ರದ ಪರಿಚಯ. ತಾಂಜಿರೊ ಖಡ್ಗವನ್ನು ಹೇಗೆ ಹಿಡಿಯುತ್ತಾನೆ, ‘ಒನ್ ಪೀಸ್’ನ ಲೂಫಿ ಹುಲ್ಲಿನ ಟೋಪಿಯ ಮೇಲೆ ಯಾವಾಗ ಕೈಯಿಡುತ್ತಾನೆ ಎಂಬುದು ತಿಳಿಯದಿದ್ದರೆ ಚಿತ್ರ ಬರುವುದಿಲ್ಲ. ಬಜೆಟ್ ದಾಖಲೆಗಳನ್ನು ಓದಿದ ಶ್ರದ್ಧೆಯಿಂದಲೇ ನಾನು ಈ ಕಥೆಗಳನ್ನು ಓದಿಕೊಂಡೆ. ಓದಲು ಇವೇ ಹೆಚ್ಚು ಸ್ವಾರಸ್ಯಕರ.

ಈ ವ್ಯವಹಾರದಲ್ಲಿ ಹಣದ ಮಾತಿಲ್ಲ. ಅವರು ನಿಲ್ಲುತ್ತಾರೆ, ನಾನು ತೆಗೆಯುತ್ತೇನೆ, ವಾರದೊಳಗೆ ಚಿತ್ರಗಳನ್ನು ತಿದ್ದಿ ಕಳುಹಿಸುತ್ತೇನೆ. ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮೋಸ್ 1925ರಲ್ಲಿ ಉಡುಗೊರೆಯ ಕುರಿತು ಬರೆದ ಪ್ರಸಿದ್ಧ ಪ್ರಬಂಧದಲ್ಲಿ, ಪುಕ್ಕಟೆ ಎನ್ನಿಸುವ ಕೊಡುಗೆಯೂ ಮರುಕೊಡುಗೆಯ ಹೊಣೆಯನ್ನು ಹೊತ್ತು ತರುತ್ತದೆ ಎಂದು ವಾದಿಸಿದ್ದಾನೆ. ಅರ್ಥಶಾಸ್ತ್ರದ ತರಗತಿಯಲ್ಲಿ ಬೆಲೆಯಿಲ್ಲದ ವಿನಿಮಯವನ್ನು ಅಡಿಟಿಪ್ಪಣಿಗೆ ತಳ್ಳಿ ಮುಂದೆ ಹೋಗುತ್ತಿದ್ದೆವು. ಇಲ್ಲಿ ಅದು ಕಣ್ಣೆದುರೇ ನಡೆಯುತ್ತದೆ. ಮೂರು ತಿಂಗಳ ದುಡಿಮೆಯನ್ನು ಎದುರಿಗಿಟ್ಟವರಿಗೆ ನಾನು ಒಂದು ಒಳ್ಳೆಯ ಚಿತ್ರದ ಋಣಿ.

ಕಾನೂನು ಹೀಗೆ ನೋಡುವುದಿಲ್ಲ. 1957ರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವನು. ಹಣ ಕೊಟ್ಟು ತೆಗೆಸಿಕೊಂಡಿದ್ದರೆ ಒಡೆತನ ತೆಗೆಸಿಕೊಂಡವರಿಗೆ ಹೋಗಬಹುದು. ಹಣದ ಮಾತಿಲ್ಲದ ಈ ಲೋಕದಲ್ಲಿ ಆ ವಿನಾಯಿತಿಗೆ ಎಡೆಯಿಲ್ಲ. 2012ರ ತಿದ್ದುಪಡಿಯ ಅನಂತರ ಈ ಹಕ್ಕು ನನ್ನ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ ಉಳಿಯುತ್ತದೆ. ಅಂದರೆ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಇವತ್ತು ನನ್ನೆದುರು ನಿಂತ ಅರ್ಧ ನಿಮಿಷ, ಅವಳು ಅಜ್ಜಿಯಾದ ಮೇಲೂ ನನ್ನ ಮೊಮ್ಮಕ್ಕಳ ಆಸ್ತಿ! ಕಾಯ್ದೆ ಬರೆದವರಿಗೆ ಇಂಥ ಸಭಾಂಗಣದ ಕಲ್ಪನೆ ಇರಲಿಲ್ಲ, ನಿಜ. ಆದರೆ ಕಾಯ್ದೆಯ ಮಾತು ಇರುವುದು ಹಾಗೆಯೇ.

ಚಿತ್ರ ಅಲ್ಬಮ್ಮಿನೊಳಗೆ ಉಳಿಯುತ್ತಿದ್ದ ಕಾಲದಲ್ಲಿ ಇದರಿಂದ ಯಾರಿಗೂ ನಷ್ಟವಿರಲಿಲ್ಲ. ಈಗ ನಷ್ಟವಿದೆ. ನಗರದ ಒಂದು ಸಮಾವೇಶದಲ್ಲಿ ನಾನು ಕಂಡದ್ದನ್ನೇ ಹೇಳುತ್ತೇನೆ. ತಾಂಜಿರೊನ ತಂಗಿ ನೆಜುಕೊಳ ವೇಷದಲ್ಲಿ ಬಂದ ಯುವತಿಯ ಸುತ್ತ ಮೂವತ್ತು ನಲವತ್ತು ಮಂದಿ ಮೊಬೈಲು, ಕ್ಯಾಮೆರಾ ಹಿಡಿದು ನಿಂತರು. ಆ ಪಾತ್ರ ಬಾಯಿಗೆ ಬಿದಿರಿನ ತುಂಡು ಕಟ್ಟಿಕೊಂಡಿರುತ್ತದೆ. ‘ಬೇಡ’ ಎನ್ನಬೇಕಾದರೂ ಅದನ್ನು ಬಿಚ್ಚಬೇಕು. ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡವರಿಗೆ ಪಕ್ಕದಲ್ಲಿ ಯಾರಿದ್ದಾರೆಂಬುದು ಸರಿಯಾಗಿ ಕಾಣುವುದಿಲ್ಲ. ಒಬ್ಬ ನೆಲಕ್ಕೆ ಕುಳಿತು ಕೆಳಗಿನಿಂದ ಚಿತ್ರ ತೆಗೆಯುತ್ತಿದ್ದ. ಇನ್ನೊಬ್ಬ ಹೆಗಲ ಮೇಲೆ ಕೈಯಿಟ್ಟು ಸೆಲ್ಫಿ ತೆಗೆದುಕೊಂಡ. ಕಾವಲಿನ ಸಿಬ್ಬಂದಿ ದಾರಿ ಬಿಡಿಸುವುದರಲ್ಲಿದ್ದರು. ಅವರಿಗೆ ಒಪ್ಪಿಸಿದ್ದ ಕೆಲಸ ಅದೊಂದೇ. ಆ ಯುವತಿಯನ್ನು ಆಮೇಲಿನ ಸಮಾವೇಶಗಳಲ್ಲಿ ನಾನು ಕಾಣಲಿಲ್ಲ. ಅವಳ ಗೆಳತಿಯರನ್ನು ವಿಚಾರಿಸಿದಾಗ, ಆ ದಿನದ ಚಿತ್ರವೊಂದು ಅಸಭ್ಯ ಮಾತುಗಳೊಂದಿಗೆ ಅವಳ ಕಾಲೇಜಿನ ಗುಂಪುಗಳನ್ನೆಲ್ಲ ಸುತ್ತಿ ಮನೆಯವರಿಗೆ ತಲುಪಿತು, ಹೊಲಿಗೆಯ ಯಂತ್ರವನ್ನು ಅಟ್ಟಕ್ಕೆ ಏರಿಸಲಾಯಿತು ಎಂಬ ಉತ್ತರ ಬಂತು.

ಇಂಥ ಕಡೆ ದಂಡ ತೆರುವವರು ಯಾರು ಎಂಬುದನ್ನು ಗಮನಿಸಿ. ತೆಗೆದವನು ಮುಂದಿನ ಸಮಾವೇಶಕ್ಕೂ ಬಂದಿರುತ್ತಾನೆ. 2023ರ ನವೆಂಬರ್‌ನಲ್ಲಿ ಕೊಡಗು ಮೂಲದ ಖ್ಯಾತ ಚಿತ್ರನಟಿಯ ಮುಖವನ್ನು ಬೇರೊಬ್ಬರ ದೇಹಕ್ಕೆ ಜೋಡಿಸಿದ ನಕಲಿ ವಿಡಿಯೊ ದೇಶದಾದ್ಯಂತ ಸುದ್ದಿಯಾಯಿತು, ಪೊಲೀಸರು ಬಂಧನವನ್ನೂ ಮಾಡಿದರು. ಕಾಸ್‌ಪ್ಲೇ ಮಾಡುವ ಹುಡುಗಿಗೆ ಅಂಥ ಹೆಸರೂ ಇಲ್ಲ, ವಕೀಲರೂ ಇಲ್ಲ. ಸ್ಪಷ್ಟವಾದ, ಒಳ್ಳೆಯ ಬೆಳಕಿನಲ್ಲಿ ತೆಗೆದ ಅವಳ ಮುಖ ಮಾತ್ರ ಹತ್ತಾರು ಅಪರಿಚಿತರ ಬಳಿ ಇದೆ.

‘ವೇಷ ಹಾಕಿಕೊಂಡು ಸಾರ್ವಜನಿಕವಾಗಿ ಬಂದ ಮೇಲೆ ಚಿತ್ರ ತೆಗೆಯಬೇಡಿ ಎಂದರೆ ಹೇಗೆ?’ ಎಂದು ಕೇಳುವವರಿದ್ದಾರೆ. ಸುಶಿಕ್ಷಿತರೇ ಕೇಳುತ್ತಾರೆ. ಕರಾವಳಿಯಲ್ಲಿ ಸೇವೆಯಲ್ಲಿದ್ದಾಗ ಯಕ್ಷಗಾನದ ಚೌಕಿಯಲ್ಲಿ ಕುಳಿತು ಬಣ್ಣಗಾರಿಕೆ ನೋಡುವ ಅವಕಾಶ ನನಗೆ ಹಲವು ಸಲ ಸಿಕ್ಕಿತ್ತು. ರಂಗಸ್ಥಳದ ಮೇಲೆ ಆ ವೇಷ ಎಲ್ಲರದು. ಚೌಕಿಯೊಳಗೆ ಅರ್ಧ ಬಣ್ಣ ಬಳಿದ ಮುಖ ಕಲಾವಿದನದು. ಕೇಳದೆ ಯಾರೂ ಹತ್ತಿರ ಸುಳಿಯುವುದಿಲ್ಲ. ಎಲ್ಲಿ ನೋಡಬಹುದು, ಎಲ್ಲಿ ನೋಡಬಾರದು ಎಂಬುದನ್ನು ಯಾವ ಫಲಕವೂ ಹೇಳಬೇಕಿಲ್ಲ, ಊರಿಗೆಲ್ಲ ಗೊತ್ತು. ನಮ್ಮ ಸಮಾವೇಶಗಳಲ್ಲಿ ಚೌಕಿಯೂ ಇಲ್ಲ, ರಂಗಸ್ಥಳವೂ ಇಲ್ಲ. ಊಟದ ಸಾಲಿನಲ್ಲಿ ನಿಂತವಳೂ, ಹರಿದ ತೋಳನ್ನು ಪಿನ್ನಿನಿಂದ ಸರಿಪಡಿಸಿಕೊಳ್ಳುತ್ತಿರುವವಳೂ ‘ಪ್ರದರ್ಶನ’ವೇ ಆಗಿಬಿಡುತ್ತಾರೆ. 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಹಿರಿಮೆಯನ್ನು ಕೊಂಡಾಡುವ ನಾವು ಊಟದ ಸಾಲಿನಲ್ಲಿ ಅದನ್ನು ಮರೆಯುತ್ತೇವೆ.

2014ರಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್‌ನ ಸಂಘಟಕರು, ವೇಷ ತೊಡುವುದು ಸಮ್ಮತಿಯಲ್ಲ ಎಂಬ ದೊಡ್ಡ ಫಲಕಗಳನ್ನು ನಿಲ್ಲಿಸಿದರು. ಫಲಕ ಬೇಕು, ಆದರೆ ಫಲಕಗಳ ಶಕ್ತಿ ಎಷ್ಟೆಂಬುದನ್ನು ಸರ್ಕಾರಿ ಕಚೇರಿಗಳಲ್ಲಿ ‘ಉಗುಳಬೇಡಿ’ ಎಂಬುದರ ಕೆಳಗೇ ನೋಡಿದವನು ನಾನು. ಜಪಾನಿನ ದಾರಿ ಹೆಚ್ಚು ಗಟ್ಟಿ. ಟೋಕಿಯೊದ ಕಾಮಿಕೆಟ್ 1975ರ ಡಿಸೆಂಬರ್‌ನಲ್ಲಿ ಕೇವಲ 32 ತಂಡಗಳಿಂದ, ಸುಮಾರು 700 ಜನರಿಂದ ಆರಂಭವಾದದ್ದು. ಇಂದು ವರ್ಷಕ್ಕೆರಡು ಬಾರಿ ಲಕ್ಷಗಟ್ಟಲೆ ಜನರನ್ನು ಸೆಳೆಯುತ್ತದೆ. ಅಲ್ಲಿ ‘ಗ್ರಾಹಕ’ರೆಂಬವರೇ ಇಲ್ಲ, ಇರುವವರೆಲ್ಲ ‘ಭಾಗಿಗಳು’ ಎಂಬುದು ಅದರ ಮೂಲತತ್ವ. ಮನೆಯಿಂದ ವೇಷ ಹಾಕಿಕೊಂಡು ಬರುವಂತಿಲ್ಲ, ಉಡುಪು ಬದಲಿಸಲು ಪ್ರತ್ಯೇಕ ಕೊಠಡಿಗಳಿವೆ. ಚಿತ್ರ ತೆಗೆಯಲು ಗೊತ್ತುಪಡಿಸಿದ ಅಂಗಳವಿದೆ. ಕೇಳಿಯೇ ತೆಗೆಯಬೇಕು, ಸಾಲಿನಲ್ಲಿ ನಿಂತು ತೆಗೆಯಬೇಕು. ಸಾಲು ಬೆಳೆದು ನಿಭಾಯಿಸಲಾಗದಿದ್ದರೆ ಎಲ್ಲರೂ ಸುತ್ತ ನಿಲ್ಲುತ್ತಾರೆ. ಹತ್ತರಿಂದ ಕೆಳಮುಖವಾಗಿ ಎಣಿಸುತ್ತಾರೆ, ಎಣಿಕೆ ಮುಗಿಯುತ್ತಿದ್ದಂತೆ ಕ್ಯಾಮೆರಾಗಳು ಕೆಳಗಿಳಿಯುತ್ತವೆ. ವೇಷಧಾರಿಣಿ ಬಾಯಿ ಬಿಟ್ಟು ‘ಸಾಕು’ ಎನ್ನಬೇಕಾಗಿಲ್ಲ, ಎಣಿಕೆಯೇ ಅವಳ ಪರವಾಗಿ ಹೇಳುತ್ತದೆ. ನನಗೆ ಬಹಳ ಹಿಡಿಸಿದ ನಿಯಮವಿದು.

2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಎಲಿನಾರ್ ಆಸ್ಟ್ರಮ್ ಬರೆದದ್ದು ಇಂಥ ವ್ಯವಸ್ಥೆಗಳ ಬಗ್ಗೆಯೇ. ಹುಲ್ಲುಗಾವಲು, ಕಾಡು, ನೀರಿನಂಥ ಸಮುದಾಯದ ಸೊತ್ತುಗಳು ಸರ್ಕಾರದ ಅಂಕುಶವಿಲ್ಲದಿದ್ದರೆ ಹಾಳಾಗಲೇಬೇಕು ಎಂಬ ನಂಬಿಕೆಯನ್ನು ಅವರು 1990ರ ತಮ್ಮ ಗ್ರಂಥದಲ್ಲಿ ಪ್ರಶ್ನಿಸಿದರು. ಅವರ ಉದಾಹರಣೆಗಳಲ್ಲಿ ಜಪಾನಿನ ಹಳ್ಳಿಗಳೂ ಇವೆ. ಯಾವ ದಿನದಿಂದ ಹುಲ್ಲು ಕೊಯ್ಯಬಹುದೆಂದು ಊರವರೇ ತೀರ್ಮಾನಿಸುತ್ತಿದ್ದರು, ಊರವರೇ ಕಾಯುತ್ತಿದ್ದರು, ನಿಯಮ ಮೀರಿದವನಿಂದ ಕಾವಲಿನವರು ಹಣವನ್ನೂ ಅಕ್ಕಿಯ ಮದ್ಯವನ್ನೂ ವಸೂಲು ಮಾಡುತ್ತಿದ್ದರು. ಹುಲ್ಲು ಉಳಿದದ್ದು ಹುಲ್ಲು ಕೊಯ್ಯುವವರು ನಿಯಮ ಮಾಡಿಕೊಂಡಿದ್ದರಿಂದ.

ನಮ್ಮ ಹವ್ಯಾಸದಲ್ಲಿ ಹುಲ್ಲು ಕೊಯ್ಯುವವರು ಛಾಯಾಗ್ರಾಹಕರು. ಆದ್ದರಿಂದ ನಿಯಮದ ಹೊರೆಯೂ ಮೊದಲು ನಮ್ಮ ಮೇಲೆ ಬೀಳಬೇಕು. ಕ್ಯಾಮೆರಾ ತರುವವರು ಪ್ರವೇಶದ್ವಾರದಲ್ಲಿ ಹೆಸರು ನೋಂದಾಯಿಸಿ, ದೂರದಿಂದಲೇ ಕಾಣುವಂಥ ಸಂಖ್ಯೆಯ ಬಿಲ್ಲೆ ಧರಿಸಲಿ. ದೂರು ಕೊಡುವವರು ಸಂಖ್ಯೆ ಹೇಳಿದರೆ ಸಾಕು. ಚಿತ್ರ ಪ್ರಕಟಿಸುವ ಮುನ್ನ ವೇಷಧಾರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು, ತೆಗೆದುಹಾಕಿ ಎಂದರೆ ಕಾರಣ ಕೇಳದೆ ತೆಗೆದುಹಾಕಬೇಕು. ಮೊಬೈಲ್ ಹಿಡಿದ ಸಾವಿರಾರು ಮಂದಿಯನ್ನು ನೋಂದಾಯಿಸಲಾಗದು ನಿಜ. ಅವರಿಗೆ ಗೊತ್ತುಪಡಿಸಿದ ಅಂಗಳ, ಸಾಲು ಮತ್ತು ಹತ್ತರ ಎಣಿಕೆ ಸಾಕು. ಅಂಗಳಕ್ಕೆ ಸಂಘಟಕರು ಕಟ್ಟಡ ಕಟ್ಟಿಸಬೇಕಾಗಿಲ್ಲ, ನೆಲಕ್ಕೆ ಅಂಟಿಸುವ ಬಣ್ಣದ ಪಟ್ಟಿ ಮತ್ತು ಇಬ್ಬರು ಸ್ವಯಂಸೇವಕರಿದ್ದರೆ ಆಯಿತು.

ಈ ಸಲಹೆಯನ್ನು ಬರೆದುಕೊಟ್ಟಾಗ ಸಹಹವ್ಯಾಸಿಗಳಲ್ಲಿ ಕೆಲವರು ಮುನಿಸಿಕೊಂಡರು. ಹವ್ಯಾಸಕ್ಕೂ ಸರ್ಕಾರಿ ಕಡತ ತಂದಿರಿ ಎಂದು ಒಬ್ಬರು ಛೇಡಿಸಿದರು. ಬೀದಿಯ ಛಾಯಾಗ್ರಹಣದ ಸ್ವಾತಂತ್ರ್ಯದ ಮಾತನ್ನು ಇನ್ನೊಬ್ಬರು ಎತ್ತಿದರು. ಬೀದಿಯಲ್ಲಿ ಯಾರೂ ಮೂರು ತಿಂಗಳು ತಯಾರಿ ಮಾಡಿಕೊಂಡು ನನ್ನೆದುರು ಬಂದು ನಿಲ್ಲುವುದಿಲ್ಲ ಎಂದಷ್ಟೇ ಹೇಳಿದೆ. ನೋಂದಣಿಗೆ ಶುಲ್ಕ ಎಷ್ಟಿರಬೇಕೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಟಿಕೆಟ್ಟಿನ ಅರ್ಧದಷ್ಟನ್ನಾದರೂ ಕೊಡಲು ನಾನು ಸಿದ್ಧನಿದ್ದೇನೆ. ಆ ಹಣ ಉಡುಪು ಬದಲಿಸುವ ಕೊಠಡಿಗೆ ಒಂದು ದೊಡ್ಡ ಕನ್ನಡಿ, ನಾಲ್ಕು ಕುರ್ಚಿ, ಒಳಗಿನಿಂದ ಭದ್ರವಾಗಿ ಬೀಳುವ ಚಿಲಕಕ್ಕೆ ಖರ್ಚಾಗಲಿ.