ಬರೀ ಬೆರಕೆಯಲ್ಲ ಎಂದು ತೋರಿಸುವುದು ಯಾರ ಕೆಲಸ?

ಪುಣೆಯ ಸಣ್ಣ ಕಂಪನಿಯೊಂದು ಅರಿಶಿನ, ಲೋಳೆಸರ, ನಿಯಾಸಿನಮೈಡ್ ಸೇರಿಸಿ ಹೊಸ ಕ್ರೀಮ್ ಮಾಡಿತೆನ್ನಿ. ಪೇಟೆಂಟ್ ಅರ್ಜಿ ಹೋಗುವುದು ಮುಂಬೈ ಕಚೇರಿಗೆ. ಅಲ್ಲಿ ಎದುರಾಗುವ ಮಾಮೂಲಿ ತಕರಾರು 1970ರ ಕಾಯ್ದೆಯ ಸೆಕ್ಷನ್ 3(ಇ): ಘಟಕಗಳ ಗುಣಗಳು ಕೇವಲ ಒಟ್ಟುಗೂಡುವ ಬೆರಕೆ ಆವಿಷ್ಕಾರವಲ್ಲ. ಅರಿಶಿನವಿದ್ದರೆ ಸಾಂಪ್ರದಾಯಿಕ ಜ್ಞಾನದ 3(ಪಿ) ಕೂಡ ಜೊತೆಗೆ ಬರುತ್ತದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವನ್ನು ನಡೆಸಿದ್ದ ಮಾಶೇಲ್ಕರ್ ಅವರು ಸಿಎಸ್‌ಐಆರ್ ಮುಖ್ಯಸ್ಥರಾಗಿದ್ದಾಗ, 1997ರಲ್ಲಿ, ಗಾಯಕ್ಕೆ ಅರಿಶಿನ ಹಚ್ಚುವುದರ ಅಮೆರಿಕನ್ ಪೇಟೆಂಟನ್ನು ರದ್ದು ಮಾಡಿಸಿದ್ದು ನೆನಪಿರುವವರಿಗೆ ಈ ಕಟ್ಟುನಿಟ್ಟು ಅತಿ ಅನ್ನಿಸದು.

ಕಂಪನಿಯ ಉತ್ತರ ಸಾಮಾನ್ಯವಾಗಿ ಒಂದೇ: "ನಮ್ಮ ಕ್ರೀಮ್ ಹಚ್ಚಿದವರ ಚರ್ಮ ಚೆನ್ನಾಗಾಯಿತು." ಆಗಿರಬಹುದು. ಆದರೆ ಕೇಳಿದ ಪ್ರಶ್ನೆ ಅದಲ್ಲ. ಮೂರೂ ಬಿಡಿಬಿಡಿಯಾಗಿ ಎಷ್ಟು ಕೆಲಸ ಮಾಡಿದವು, ಸೇರಿದಾಗ ನಿರೀಕ್ಷೆಗಿಂತ ಎಷ್ಟು ಹೆಚ್ಚು, ಇದು ಪ್ರಶ್ನೆ. ಕಳೆನಾಶಕಗಳಿಗೆಂದು ಕೋಲ್ಬಿ 1967ರಲ್ಲಿ ಕೊಟ್ಟ ಸೂತ್ರವನ್ನೇ ನೋಡಿ. ಒಂದು ಘಟಕ ಶೇ. 30, ಇನ್ನೊಂದು ಶೇ. 20 ಪರಿಣಾಮ ಕೊಟ್ಟರೆ, ಕೂಡಿದಾಗ ನಿರೀಕ್ಷಿಸಬೇಕಾದ್ದು ಶೇ. 44. ಅಳತೆಯಲ್ಲಿ 45 ಬಂದರೆ ಅದು ಸುದ್ದಿಯಲ್ಲ. 70 ಬಂದರೆ ಮಾತಾಡಬಹುದು. ಹೋಲಿಕೆಯೂ ಏನೂ ಹಚ್ಚದ ಚರ್ಮದೊಡನೆ ಆಗಬಾರದು, ಈಗಾಗಲೇ ಗೊತ್ತಿರುವ ಅತಿ ಹತ್ತಿರದ ಕ್ರೀಮಿನೊಡನೆ ಆಗಬೇಕು. ಶೇ. 1ರಿಂದ 10ರವರೆಗೆ ಹಕ್ಕು ಕೇಳಿ, ಶೇ. 2ರಲ್ಲಿ ಮಾತ್ರ ಪರೀಕ್ಷೆ ಮಾಡಿದ್ದರೆ ಉಳಿದ ಭಾಗಕ್ಕೆ ಆಧಾರವೆಲ್ಲಿ?

ಹೊರಗಿನ ನ್ಯಾಯಾಲಯಗಳೂ ಉದಾರವಾಗಿಲ್ಲ. ಮೊಡವೆಯ ಅಡಪಲೀನ್ ಜೆಲ್ ಕುರಿತ ಗಾಲ್ಡರ್ಮಾ ಪ್ರಕರಣದಲ್ಲಿ (2013) ಅಮೆರಿಕದ ಫೆಡರಲ್ ಸರ್ಕ್ಯೂಟ್ ನೋಡಿದ್ದು ಶೇ. 0.1ರ ಬದಲು 0.3ರ ಜೆಲ್ಲನ್ನು. ಪ್ರಮಾಣ ಮೂರು ಪಟ್ಟಾದರೂ ಚರ್ಮ ಅಷ್ಟೇ ಚೆನ್ನಾಗಿ ತಾಳಿಕೊಂಡಿತೆಂಬುದು ಮಟ್ಟದ ವ್ಯತ್ಯಾಸವೇ ಹೊರತು ಬೇರೆ ಬಗೆಯ ಫಲವಲ್ಲ ಎಂದಿತು. ಒಬ್ಬ ನ್ಯಾಯಾಧೀಶರು ಒಪ್ಪಲಿಲ್ಲ.

ಹಾಗೆಂದು ತಪ್ಪೆಲ್ಲ ಅರ್ಜಿದಾರರದೇ ಅಲ್ಲ. ಕೊಟ್ಟ ಕೋಷ್ಟಕವನ್ನು ತಿರುವಿಯೂ ನೋಡದೆ "ಸಿನರ್ಜಿ ಕಾಣುವುದಿಲ್ಲ" ಎಂಬ ಒಂದು ಸಾಲಿನಲ್ಲಿ ಅರ್ಜಿ ತಳ್ಳಿದರೆ ಅದು ತೀರ್ಪಲ್ಲ, ಮುದ್ರೆ ಒತ್ತಿದ್ದು. ದೆಹಲಿ ಹೈಕೋರ್ಟ್ 2022ರ ಅಗ್ರಿಬೋರ್ಡ್ ತೀರ್ಪಿನಲ್ಲಿ ಇದನ್ನು ಬಿಡಿಸಿ ಹೇಳಿದೆ: ಹಿಂದೆ ಏನಿತ್ತು, ಅರ್ಜಿಯಲ್ಲಿ ಏನಿದೆ, ಅದು ಪರಿಣತನಿಗೆ ಹೇಗೆ ಸಹಜವಾಗಿ ಹೊಳೆಯುತ್ತಿತ್ತು, ಮೂರನ್ನೂ ಆದೇಶದಲ್ಲಿ ಚರ್ಚಿಸಬೇಕು. ಕಾರಣ ಕೇಳುವ ಹಕ್ಕು ಪುಣೆಯ ಕಂಪನಿಗೂ ಇದೆ.

ಆದರೆ ಮೇಲ್ಮನವಿ ಪ್ರಯೋಗಾಲಯವಲ್ಲ. ಮೇಲ್ಮನವಿ ಮಂಡಳಿ 2021ರಲ್ಲಿ ರದ್ದಾದ ಮೇಲೆ ಮುಂಬೈ ಕಚೇರಿಯ ಆದೇಶದ ವಿರುದ್ಧ ಬಾಂಬೆ ಹೈಕೋರ್ಟಿಗೇ ಹೋಗಬೇಕು, ಅದೂ ಮೂರು ತಿಂಗಳೊಳಗೆ. ಅರ್ಜಿಯಲ್ಲಿ ಸುಳಿವೇ ಇಲ್ಲದ ಗುಣಕ್ಕೆ ಅಲ್ಲಿ ಹೊಸ ಅಂಕಿ ಹಿಡಿದು ನಿಂತರೆ ವಕೀಲರ ಕೈ ಕಟ್ಟಿದಂತೆಯೇ. ತಾತ್ಕಾಲಿಕ ವಿವರಣೆ ಸಲ್ಲಿಸಿದ ಮೇಲೆ ಪೂರ್ಣ ವಿವರಣೆಗೆ ಕಾನೂನು 12 ತಿಂಗಳು ಕೊಡುತ್ತದೆ. ಬಿಡಿ ಘಟಕಗಳ ಪರೀಕ್ಷೆ ಮಾಡಿಸಬೇಕಾದ್ದು ಆಗ. ಎಷ್ಟೋ ಕಂಪನಿಗಳು ಆ ಹಣವನ್ನು ಡಬ್ಬಿಯ ವಿನ್ಯಾಸಕ್ಕೆ ಹಾಕುತ್ತವೆ.