ಫೈಬರ್ ಹರಿಗೋಲನ್ನು ಬೈಯುವವರಿಗೆ

ತುಂಗಭದ್ರೆಯ ಮೇಲೆ ಬಿದಿರಿನ ಹರಿಗೋಲು ಕಡಿಮೆಯಾಗಿ ಫೈಬರ್ ಹರಿಗೋಲು ಹೆಚ್ಚುತ್ತಿರುವುದನ್ನು ನಮ್ಮ ಕೆಲವು ಸ್ನೇಹಿತರಿಗೆ ಸಹಿಸಲು ಆಗುತ್ತಿಲ್ಲ. ಪರಂಪರೆ ಹಾಳಾಯಿತು, ಮೇದಾರರ ಕಸುಬು ಹೋಯಿತು, ಹೊಳೆಗೆ ಪ್ಲಾಸ್ಟಿಕ್ ಬಂತು ಎನ್ನುತ್ತಾರೆ. ಸಹಾಯಧನದಲ್ಲಿ ಫೈಬರ್ ಹರಿಗೋಲು ಕೊಡುವ ಮೀನುಗಾರಿಕೆ ಇಲಾಖೆಯ ಮೇಲೂ ಅವರಿಗೆ ಸಿಟ್ಟಿದೆ, ಕೊಡಬೇಡಿ ಎಂದು ಮನವಿಯನ್ನೂ ಬರೆದಿದ್ದಾರೆ. ಹೊಳೆಯ ಮೇಲಿನ ಅವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಹರಿಹರದ ದಂಡೆಯಲ್ಲಿ ನಿಂತು ಹೊಳೆ ನೋಡುವವರಿಗೂ ಬೆಳಗಿನ ಜಾವ ಹುಟ್ಟು ಹಿಡಿದು ನೀರಿಗಿಳಿಯುವವರಿಗೂ ಹರಿಗೋಲು ಒಂದೇ ರೀತಿ ಕಾಣುವುದಿಲ್ಲ. ನಾನು ನೀರಿಗಿಳಿಯುವವರ ಪರ.

ಪರಂಪರೆ ಎನ್ನುವುದಾದರೆ ಯಾವ ಹರಿಗೋಲಿನ ಪರಂಪರೆ? ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದೇ ಹೊಳೆಯ ಹರಿಗೋಲನ್ನು ಕಂಡು ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ. 15-20 ಜನ ಹಿಡಿಸುತ್ತಾರೆ. ನೆಟ್ಟಗೆ ಸಾಗದೆ ಸುತ್ತುತ್ತಲೇ ಇರುತ್ತದೆ. ಆ ಚರ್ಮ ಈಗ ಎಲ್ಲಿದೆ? ಚರ್ಮ ಹೋಗಿ ಡಾಂಬರು ಬಳಿದ ಗೋಣಿತಾಟು ಬಂತು, ಗೋಣಿತಾಟು ಹೋಗಿ ಗೊಬ್ಬರದ ಚೀಲ, ತಾಡಪಾಲು ಬಂದವು. ಸ್ನೇಹಿತರು ಪುರಾತನ ಎಂದು ಫೋಟೊ ತೆಗೆಯುವ ಬಿದಿರಿನ ಹರಿಗೋಲಿನ ಹೊರಮೈಯೇ ಪ್ಲಾಸ್ಟಿಕ್. ಹಿಂದಿನವರಿಂದ ನಮಗೆ ಬಂದಿರುವುದು ಅದರ ಆಕಾರ. ಮುಂದು ಹಿಂದು ಎಂಬುದಿಲ್ಲ, ಮೊಣಕಾಲುದ್ದ ನೀರಿನಲ್ಲೂ ತೇಲುತ್ತದೆ, ಒಬ್ಬನೇ ಒಂದು ಹುಟ್ಟಿನಿಂದ ನಡೆಸಬಹುದು. ಆ ಆಕಾರವನ್ನು ಫೈಬರ್ ಹರಿಗೋಲು ಚಾಚೂ ತಪ್ಪದೆ ಉಳಿಸಿಕೊಂಡಿದೆ. ವಿಯೆಟ್ನಾಂನ ಕಡಲ ಮೀನುಗಾರರ ದುಂಡು ದೋಣಿಗೂ ಹೀಗೇ ಆಯಿತು. ಬಿದಿರಿನಿಂದ ಫೈಬರಿಗೆ ಬಂದರೂ ಅದು ದುಂಡು ದೋಣಿಯೇ.

ಬಿದಿರು ಬಂಡೆಗೆ ಬಡಿದರೆ ಬಳುಕುತ್ತದೆ, ಫೈಬರ್ ಸೀಳುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. ಬೇಸಿಗೆಯಲ್ಲಿ ನೀರು ಇಳಿದು ಬಂಡೆಗಳು ಮೇಲೆದ್ದಾಗ ದಬ್ಬೆಗಳ ಹೆಣಿಗೆ ಪೆಟ್ಟನ್ನು ಸುತ್ತಲೂ ಹಂಚಿ ತಾಳಿಕೊಳ್ಳುತ್ತದೆ. ಆದರೆ ಆ ತಾಳಿಕೆಗೆ ತೆರಬೇಕಾದ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ. ಹರಿಗೋಲನ್ನು ದಂಡೆಯಲ್ಲಿ ಬೋರಲು ಹಾಕಿ, ಡಬ್ಬಿಯಲ್ಲಿ ಡಾಂಬರು ಕಾಯಿಸಿ, ಕೋಲಿಗೆ ಸುತ್ತಿದ ಬಟ್ಟೆಯಿಂದ ಬಿಸಿಬಿಸಿಯಾಗಿ ಬಳಿಯಬೇಕು. ಹೊಗೆ ಕಣ್ಣಿಗೆ, ಹನಿ ಕೈಗೆ. ಏಪ್ರಿಲ್ ಬಿಸಿಲಿಗೆ ಆ ಡಾಂಬರು ಮತ್ತೆ ಮೆತ್ತಗಾಗುತ್ತದೆ, ಮಳೆಗಾಲದಲ್ಲಿ ಸಂದಿಗೆ ನೀರು ನುಗ್ಗಿ ದಬ್ಬೆ ಕೊಳೆಯುತ್ತದೆ. ಡಾಂಬರು ಬಳಿಯುವುದು ಮುಗಿಯದ ಕೆಲಸ, ಕೆಲವು ವರ್ಷಕ್ಕೆ ಹೆಣಿಗೆಯೇ ಹೊಸದಾಗಬೇಕು. ಹರಿಗೋಲು ದಂಡೆಯಲ್ಲಿ ಬೋರಲು ಬಿದ್ದ ದಿನ ಬಲೆಯೂ ದಂಡೆಯಲ್ಲೇ, ಅಂದಿನ ದುಡಿಮೆ ಸೊನ್ನೆ.

ಫೈಬರ್ ಹರಿಗೋಲಿಗೂ ಸವೆತ ಇದ್ದೇ ಇದೆ. ಕಲ್ಲಿನ ಮೇಲೆ ಎಳೆದಾಡಿದ ಕಡೆ ಹೊಳಪು ಹೋಗಿ ಬಿಳಿ ಎಳೆ ಹೊರಬರುತ್ತದೆ. ಆಗಲೇ ಉಜ್ಜಿ, ಚೆನ್ನಾಗಿ ಒಣಗಿಸಿ, ಫೈಬರ್ ಹಾಳೆಯ ತುಂಡಿಟ್ಟು ರಾಳ ಬಳಿದರೆ ಸರಿಹೋಗುತ್ತದೆ. ಪಸೆ ಉಳಿದರೆ ಮಾತ್ರ ತೇಪೆ ನಿಲ್ಲದು. ಹರಿಗೋಲು ಹಂಚುವವರು ಇದನ್ನು ಮೀನುಗಾರರಿಗೆ ಕಲಿಸದೆ ಹೋದರೆ ಬೈಗುಳ ಸಲ್ಲಬೇಕಾದದ್ದು ಅವರಿಗೇ ಹೊರತು ಫೈಬರಿಗಲ್ಲ.

ಫೈಬರ್ ಕೊಳೆಯುವುದಿಲ್ಲ, ಹೊಳೆಯಲ್ಲೇ ಕಸವಾಗಿ ಉಳಿಯುತ್ತದೆ ಎನ್ನುತ್ತಾರೆ. ನಿಜ. ಡಾಂಬರು ಮೆತ್ತಿದ ಹಳೆಯ ಚೀಲ, ಹರಿದ ತಾಡಪಾಲು ದಂಡೆಯಲ್ಲಿ ಬೀಳುವುದೂ ಅಷ್ಟೇ ನಿಜ.

ಮೇದಾರರ ಮಾತನ್ನು ಇಷ್ಟು ಚುಟುಕಾಗಿ ಮುಗಿಸಲಾರೆ. ಅವರನ್ನು ಹಿಂಡಿರುವುದು ಬಿದಿರಿನ ಅಭಾವ ಮತ್ತು ಸಂತೆ ತುಂಬ ಸಿಗುವ ಪ್ಲಾಸ್ಟಿಕ್ ಬುಟ್ಟಿ, ಮೊರ. ಹರಿಗೋಲನ್ನೋ, ಎಷ್ಟೋ ಕಡೆ ಅಂಬಿಗರೇ ಹೆಣೆದುಕೊಳ್ಳುತ್ತಿದ್ದರು. ಒಬ್ಬ ಬಡವನ ಕಸುಬು ಉಳಿಯಲೆಂದು ಇನ್ನೊಬ್ಬ ಬಡವ ಸೋರುವ ಹರಿಗೋಲಿನಲ್ಲಿ ಕೂರಲಿ ಎನ್ನುವುದು ಯಾವ ನ್ಯಾಯ? ಇಬ್ಬರಿಗೂ ಬದುಕು ಆಗುವ ದಾರಿಯೂ ಇದೆ. ಗೋವಾದಲ್ಲಿ ಕಟ್ಟಿದ ನೌಕಾಪಡೆಯ ಹಾಯಿದೋಣಿ ಮ್ಹಾದೇಯಿಯ ಒಡಲು ಒಳಗೆ ಮರ, ಹೊರಗೆ ಫೈಬರ್. ಅದರಲ್ಲೇ ಅಭಿಲಾಷ್ ಟಾಮಿ 2012-13ರಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತಿ ಬಂದರು. ಮಹಾಸಾಗರ ದಾಟಿದ ಈ ಜೋಡಿಯನ್ನು ನಮ್ಮ ಹೊಳೆಯಲ್ಲೂ ಪರೀಕ್ಷಿಸಿ ನೋಡಬೇಕು. ಮೇದಾರರು ಹೆಣೆದ ಬಿದಿರಿನ ಮೈಗೆ ಡಾಂಬರಿನ ಬದಲು ಫೈಬರ್ ಹೊದಿಕೆ ಕೊಡಿಸಿ ಎಂದು ಕೇಳಿದ್ದರೆ ನಾನೂ ಸ್ನೇಹಿತರ ದನಿಗೆ ದನಿ ಸೇರಿಸುತ್ತಿದ್ದೆ.

ಎದುರಾಳಿಗಳ ಅತ್ಯಂತ ಗಟ್ಟಿಯಾದ ಮಾತನ್ನು ಅವರೇ ಮೆಲ್ಲಗೆ ಹೇಳುತ್ತಾರೆ, ನಾನು ಗಟ್ಟಿಯಾಗಿ ಹೇಳುತ್ತೇನೆ. ನೀರು ತುಂಬಿದರೆ ಬಿದಿರು ತೇಲುತ್ತದೆ. ಬರೀ ಫೈಬರ್ ನೀರಿಗಿಂತ ಭಾರ, ತಳ ಸೇರುತ್ತದೆ. ಮಲೆನಾಡಿನಲ್ಲಿ ಮಳೆ ಹಿಡಿದು ಗಾಜನೂರು, ಲಕ್ಕವಳ್ಳಿಯ ಅಣೆಕಟ್ಟುಗಳಿಂದ ನೀರು ಬಿಟ್ಟಾಗ ಕೂಡಲಿಯಲ್ಲಿ ತುಂಗೆ, ಭದ್ರೆ ಒಂದಾಗಿ ಹರಿಹರಕ್ಕೆ ಬರುವ ಹೊಳೆಯೇ ಬೇರೆ. ಆ ಸೆಳವಿನಲ್ಲಿ ಮಗುಚಿದವನಿಗೆ ಹಿಡಿದುಕೊಳ್ಳಲು ಏನಾದರೂ ತೇಲುತ್ತಿರಬೇಕು. ಇದಕ್ಕೆ ಮದ್ದು ಕಷ್ಟದ್ದಲ್ಲ. ಅಂಚಿನ ಸುತ್ತಲೂ, ಇಲ್ಲವೇ ತಳವನ್ನು ಎರಡು ಪದರ ಮಾಡಿ ಅದರ ನಡುವೆ, ನೀರು ಹೀರದ ಹಗುರ ಫೋಮ್ ತುಂಬಿ ಮುಚ್ಚಿದರೆ ಮಗುಚಿದ ಫೈಬರ್ ಹರಿಗೋಲೂ ತೇಲುತ್ತದೆ.

ಆದ್ದರಿಂದ ಸ್ನೇಹಿತರಲ್ಲಿ ಒಂದು ವಿನಂತಿ. ಫೈಬರ್ ಹರಿಗೋಲು ಕೊಡಬೇಡಿ ಎಂಬ ನಿಮ್ಮ ಮನವಿಯನ್ನು ಹಿಂದಕ್ಕೆ ಪಡೆಯಿರಿ. ಫೋಮ್ ತುಂಬದ ಹರಿಗೋಲನ್ನು ಇಲಾಖೆ ಖರೀದಿಸಬಾರದು, ಪ್ರತಿ ಹರಿಗೋಲಿನ ಜೊತೆ ಲೈಫ್ ಜಾಕೆಟ್ ಮತ್ತು ತೇಪೆಯ ಸಾಮಾನು ಕೊಡಬೇಕು, ಮೇದಾರರ ಹೆಣಿಗೆಗೆ ಫೈಬರ್ ಹೊದಿಸಿದ ಹರಿಗೋಲನ್ನು ಹರಿಹರದಲ್ಲೇ ಮಾಡಿ ನೋಡಬೇಕು ಎಂದು ಹೊಸ ಮನವಿ ಬರೆಯೋಣ. ಮುಂಗಾರಿನ ಹೊಳೆ ಏರುವ ಮೊದಲೇ ಅದು ಇಲಾಖೆಯ ಕೈ ಸೇರಲಿ. ಮೊದಲ ಸಹಿ ನನ್ನದಿರುತ್ತದೆ.